ಅರವತ್ತಮೂರನೆಯ ದಿನ

ಮಿಡಿಗೇಶಿಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಪ್ರತಿವರ್ಷ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಅವ್ವನಿಗೆ ಅದರಲ್ಲಿ ಅಮಾವಾಸ್ಯೆ, ಹುಣ್ಣಿಮೆ ಸಿಕ್ಕಿದರೆ ಸಾಕು, ನನಗೆ ಮಾತ್ರ ಕೆಂಪು ಭಾನುವಾರಗಳೇ ಬೇಕು. ಮಧುಗಿರಿಯ ಹಾಸ್ಟೆಲಿನಿಂದ ಭಾನುವಾರಕ್ಕಷ್ಟೇ ಮನೆಗೆ ಬರುತ್ತಿದ್ದವಳು ನಾನು. ಕುರಿಮಂದೆಯ ಹಿಂದೆ ಅಲೆಯುತ್ತಿದ್ದ ಅಪ್ಪನನ್ನು, ನೀನು ಎಷ್ಟು ದಿನಕ್ಕೊಮ್ಮೆ ಬರುತ್ತೀಯ ಎಂದು ಕೇಳಿದರೆ, ಅಣ್ಣತಮ್ಮಂದಿರು ಮೂವರೂ ಮೂರು ದಿನಕ್ಕೊಬ್ಬರಂತೆ ಮನೆಗೆ ಹೋಗಿಬರುತ್ತೇವೆ, ನನ್ನ ಪಾಳಿ ಒಂಬತ್ತು ದಿನಕ್ಕೊಮ್ಮೆ ಎಂದಿದ್ದ.

ಆ ವರ್ಷವೇ ಶಾಲೆಯಲ್ಲಿ ಲಘುತ್ತಮ ಸಾಮಾನ್ಯ ಅಪವರ್ತ್ಯ, ಅಂದರೆ ಲ.ಸಾ.ಅ., ಕಲಿತಿದ್ದೆ. ಏಳರ ಮಗ್ಗಿಯೂ ಒಂಬತ್ತರ ಮಗ್ಗಿಯೂ ಮೊದಲು ಕೂಡುವುದು ಅರವತ್ತಮೂರರಲ್ಲಿ. ಇಬ್ಬರೂ ಮನೆಯಲ್ಲಿದ್ದ ಒಂದು ಭಾನುವಾರದಿಂದ ಎಣಿಸಿ, ಅರವತ್ತಮೂರನೆಯ ದಿನಕ್ಕೆ ಸುತ್ತು ಹಾಕಿ ತೋರಿಸಿದೆ. ಓದು ಬಾರದ ಅಪ್ಪ ಅದನ್ನು ಬಹಳ ಹೊತ್ತು ನೋಡಿದ. ಆ ದಿನ ನಾನು ಬಂದಾಗ ಜಗಲಿಯ ಮೇಲೆ ಕೂತಿದ್ದ. ಮುಂದಿನದಕ್ಕೂ ಬಂದ, ಅದರ ಮುಂದಿನದಕ್ಕೂ. ನನ್ನ ಲೆಕ್ಕ ಎಷ್ಟು ಕರಾರುವಾಕ್ಕು ಎಂದು ಹಿಗ್ಗಿ ಹೀರೇಕಾಯಿಯಾದೆ. ನಾನಿಂದು ಗಣಿತದ ಟೀಚರಾಗಿರುವುದೂ ಆ ಹಿಗ್ಗಿನಿಂದಲೇ.

ನಿಮಗೂ ಶಾಲೆಯಲ್ಲಿ ಹೇಳಿರುತ್ತಾರೆ, ಮಿತ್ರರೇ: ಆರನ್ನೂ ಒಂಬತ್ತನ್ನೂ ಮೂರು ಭಾಗಿಸುತ್ತದೆ, ಹಾಗಾಗಿ ಅವೆರಡು ಹದಿನೆಂಟರಲ್ಲೇ ಕೂಡುತ್ತವೆ. ಏಳು ಮತ್ತು ಒಂಬತ್ತರ ಮಹತ್ತಮ ಸಾಮಾನ್ಯ ಅಪವರ್ತನವೋ ಬರೀ ಒಂದು, ಹಾಗಾಗಿ ಅಷ್ಟು ದೂರ ಕಾಯಬೇಕು. ಹಂಚಿಕೊಂಡದ್ದು ಕಡಿಮೆಯಾದಷ್ಟೂ ಭೇಟಿ ದೂರವೆಂಬ ಈ ಮಾತು ಮನುಷ್ಯರಿಗೂ ಹೊಂದುತ್ತದೆಂದು ನನಗನ್ನಿಸುತ್ತಿತ್ತು, ಏಕೆಂದರೆ ನಾನು ಓದಿದಷ್ಟೂ ಅಪ್ಪನಿಗೂ ನನಗೂ ಆಡುವ ಮಾತು ಕಮ್ಮಿಯಾಗುತ್ತ ಬಂತು. ಹತ್ತನೆಯ ತರಗತಿಯಲ್ಲಿದ್ದಾಗ ಹಾಗೆ ಸುತ್ತು ಹಾಕಿದ್ದ ಒಂದು ಭಾನುವಾರ, ಪರೀಕ್ಷೆ ಹತ್ತಿರವಿದೆಯೆಂದು ಹಾಸ್ಟೆಲಿನಲ್ಲೇ ಉಳಿದೆ, ಹೇಳಿಯೂ ಕಳಿಸಲಿಲ್ಲ. ಕೊನೆಯ ಬಸ್ಸು ಬರುವವರೆಗೂ ಅಪ್ಪ ನಿಲ್ದಾಣದಲ್ಲೇ ಕೂತಿದ್ದನೆಂದು ಅವ್ವ ಆಮೇಲೆ ಹೇಳಿದಳು. ಹೇಗಿದ್ದರೂ ತನ್ನ ಪಾಳಿಗೆ ಬಂದವನು, ನನಗೋಸ್ಕರ ಬಂದವನಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಕಳೆದ ತಿಂಗಳು ಅಪ್ಪ ತೀರಿಹೋದ. ಹನ್ನೊಂದನೆಯ ದಿನದ ತಿಥಿ ಮುಗಿದು ಎಲ್ಲರೂ ಎದ್ದುಹೋದ ಮೇಲೆ, ಚಿಕ್ಕಪ್ಪನ ಬಳಿ ಆ ಒಂಬತ್ತು ದಿನದ ಪಾಳಿಯ ಮಾತೆತ್ತಿದೆ. ಅವನು ನನ್ನ ಮುಖವನ್ನೇ ನೋಡಿದ.

"ಕುರಿಗೆಲ್ಲಿ ಪಾಳಿ ಕಣಮ್ಮ? ಮೇವಿದ್ದ ಕಡೀಕೆ ಹೋಗ್ತಿದ್ವಿ, ತಿಂಗ್ಳಾದ್ರೂ ಮನೆ ಮಕ ಕಾಣ್ತಿರ್ಲಿಲ್ಲ. ನೀನು ಕೇಳ್ದೆ ಅಂತ ಬಾಯಿಗ್ ಬಂದಿದ್ದು ಹೇಳ್ಬುಟ್ಟವ್ನೆ. ಆಮೇಲೆ, ಮಗ ಲೆಕ್ಕ ಹಾಕೈತೆ, ತಪ್ಪಾಗ್ಬಾರ್ದು ಅಂತ ದಿನಕ್ಕೊಂದು ಗಂಟು ಹಗ್ಗಕ್ಕೆ ಹಾಕ್ಕಂಡು ಎಣುಸ್ತಿದ್ದ."

ನಾನು ಆ ಭಾನುವಾರದ ಬಗ್ಗೆ ಕೇಳಿದೆ. ಕೇಳಬಾರದಿತ್ತೇನೋ.

"ಅವತ್ತು ಪಾವಗಡದಿಂದಾಚೆ ಗುಡ್ಡದಾಗಿದ್ವಿ, ಬಸ್ಸಿನ ದಾರಿ ಇರ್ಲಿಲ್ಲ. ಎಲ್ಡು ದಿನ ನಡ್ಕಂಡು ಊರಿಗೆ ಬಂದಿದ್ದ. ತಿರ್ಗಾ ಎಲ್ಡು ದಿನ ನಡ್ಕಂಡು ಮಂದೆತಾವ್ಕೆ ಬಂದ. ಮಗ ಚೆಂದಾಗೈತೆ ಅಂದ, ಅಷ್ಟೇಯ."

ಈ ವಾರ ತರಗತಿಯಲ್ಲಿ ಅದೇ ಪಾಠ. ಏಳು, ಒಂಬತ್ತು ಎಂದು ಹಲಗೆಯ ಮೇಲೆ ಬರೆದ ಕೂಡಲೇ ಮಕ್ಕಳು ಒಂದೇ ಉಸಿರಿಗೆ ಅರವತ್ತಮೂರು ಎಂದರು. ಸರಿ ಎಂದೆ. ನನ್ನ ಜಾಣತನದಿಂದ ಸರಿಬಂತೆಂದುಕೊಂಡಿದ್ದ ಲೆಕ್ಕವನ್ನು ಪ್ರತಿಸಲವೂ ನಡೆದು ನಡೆದು ಸರಿಮಾಡಿದವನು ಅಪ್ಪ. ಅದು ತಪ್ಪಿದ್ದು ಒಂದೇ ಒಂದು ಸಲ. ಅವತ್ತು ಬಾರದೆ ಹೋದವಳು ನಾನು.