ನನ್ನ ಮೇಲಿನ ಮೆಮೊ ನಾನೇ ಟೈಪ್ ಮಾಡಿದ್ದು

1994ನೇ ಇಸವಿ. ಆಗ ನಾನು ಶಿಕಾರಿಪುರದ ಒಂದು ಖಾಸಗಿ ಬಸ್ ಕಂಪನಿಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಹೆಸರಿಗೆ ಟೈಪಿಸ್ಟ್, ಆದರೆ ಫೋನ್ ಎತ್ತುವುದು, ಟಪಾಲು ನೋಡುವುದು, ಇಂಗ್ಲಿಷ್ ಕಾಗದ ಬಂದರೆ ಮಾಲೀಕರಿಗೆ ಓದಿ ಹೇಳುವುದು ಎಲ್ಲ ನನ್ನದೇ. ಶಿವಮೊಗ್ಗದ ಕಾನ್ವೆಂಟಿನಲ್ಲಿ ಓದಿದವಳು ಅಂತ ಡ್ರೈವರುಗಳು ನನ್ನನ್ನು ‘ಇಂಗ್ಲಿಷ್ ಅಕ್ಕೋರು’ ಎನ್ನುತ್ತಿದ್ದರು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಸಿಕ್ಕ ಕೆಲಸ ಅದು. ಹೆಣ್ಣುಮಕ್ಕಳಿಬ್ಬರೂ ಇನ್ನೂ ಹೈಸ್ಕೂಲಿನಲ್ಲಿದ್ದರು. ಅದನ್ನು ಕಳೆದುಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನಮ್ಮ ಬಸ್ಸುಗಳು ಶಿರಾಳಕೊಪ್ಪ, ಆನವಟ್ಟಿ ಹಾದು ಸೊರಬಕ್ಕೆ ಹೋಗುತ್ತಿದ್ದವು. ಕಂಪನಿಯಲ್ಲಿ ಸುದ್ದಿ ಓಡಾಡುತ್ತಿದ್ದದ್ದು ಫೋನಿನಲ್ಲಲ್ಲ, ಕ್ರಾಸಿಂಗಿನಲ್ಲಿ. ಎದುರು ಬದುರು ಬಂದ ಎರಡು ಬಸ್ಸು ರಸ್ತೆ ಮೇಲೇ ಕಿಟಕಿಗೆ ಕಿಟಕಿ ಕೂಡುವಂತೆ ನಿಲ್ಲುತ್ತಿದ್ದವು. “ಕುಪ್ಪಗಡ್ಡೇಲಿ ಮದುವೆ ಜನ ನಿಂತಾರೆ, ಹತ್ತಿಸ್ಕೋ.” “ನಿಮ್ಮನೇಲಿ ಹೋಳಿಗೆ ಅಂತೆ, ಲಗೂನ ಹೋಗು.” ಹೀಗೆ ನಾಲ್ಕು ಮಾತು. ಕಿಟಕಿ ಪಕ್ಕ ಕೂತ ಪ್ಯಾಸೆಂಜರುಗಳೂ ತಮ್ಮ ಊರಿನ ಸುದ್ದಿ ದಾಟಿಸಿಬಿಡುತ್ತಿದ್ದರು.

ಆ ವರ್ಷ ಹೊಸ ಮ್ಯಾನೇಜರ್ ಬಂದರು. ಹೊರಗಿನ ಯಾವುದೋ ದೊಡ್ಡ ಕಂಪನಿಯಲ್ಲಿ ಇದ್ದು ಬಂದವರು, ಯಂಗ್, ಕೆಟ್ಟವರೇನಲ್ಲ. ಬಸ್ಸು ಲೇಟಾಗುತ್ತದೆ ಎಂಬ ದೂರು ನಿಜವಾಗಿಯೂ ಇತ್ತು. ಅವರು ಮೊದಲು ಮಾಡಿಸಿದ್ದು ಒಂದು ದೊಡ್ಡ ಚಾರ್ಟ್. ಮೇಲೆ ಮಾಲೀಕರು, ಕೆಳಗೆ ಮ್ಯಾನೇಜರ್, ಆಮೇಲೆ ಅಕೌಂಟೆಂಟ್, ಟ್ರಾಫಿಕ್ ಸೂಪರ್‌ವೈಸರ್, ಏಜೆಂಟರು, ಡ್ರೈವರು, ಕಂಡಕ್ಟರು, ಕ್ಲೀನರು. ಒಬ್ಬೊಬ್ಬರಿಗೂ ಒಂದು ಚೌಕ, ನಡುವೆ ಬಾಣದ ಗೆರೆ. ಸ್ಕೇಲ್ ಹಿಡಿದು ಗೆರೆ ಎಳೆದವಳು ನಾನೇ. ಇನ್ನು ಮುಂದೆ ಯಾವ ಮಾತೇ ಆಗಲಿ ಗೆರೆ ಹಿಡಿದು ಒಂದೊಂದೇ ಮೆಟ್ಟಿಲು ಹೋಗಬೇಕು, ಥ್ರೂ ಪ್ರಾಪರ್ ಚಾನೆಲ್. ಕ್ರಾಸಿಂಗಿನಲ್ಲಿ ಬಸ್ಸು ನಿಲ್ಲಿಸಿದರೆ ಸಸ್ಪೆನ್ಷನ್. ಡ್ರೈವರಿಗೆ ಮನೆಯ ಸುದ್ದಿ ಏನಾದರೂ ಇದ್ದರೆ ಟ್ರಿಪ್ ಮುಗಿದ ಮೇಲೆ ಸೂಪರ್‌ವೈಸರ್ ಹೇಳುತ್ತಾರೆ.

ಇದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಸೊರಬದಿಂದ ಫೋನ್ ಬಂತು. ನಮ್ಮ ಡ್ರೈವರ್ ಹಾಲೇಶಪ್ಪನ ಬಾಮೈದ ಮಾತಾಡುತ್ತಿದ್ದ.

“ಅಕ್ಕೋರೆ, ನಮ್ಮ ಅಕ್ಕಂಗೆ ಹೆರಿಗೆ ಕಷ್ಟ ಆಗೈತೆ. ಈಗಿಂದೀಗ್ಲೇ ಶಿವಮೊಗ್ಗಕ್ಕೆ ಕರ್ಕೊಂಡ್ ಹೋಗಿ ಅಂತಾರೆ ಡಾಕ್ಟ್ರು. ಭಾವನ ಅವ್ವ ಕೇಳವಲ್ರು. ನನ್ ಮಗ ಬರಾಗಂಟ ಸೊಸೀನ ಯಾರೂ ಎತ್ತಬ್ಯಾಡ್ರಿ ಅಂತ ಆಸ್ಪತ್ರೆ ಬಾಗಿಲಿಗೆ ಅಡ್ಡ ಕೂತಾರೆ.”

ಹಾಲೇಶಪ್ಪ ಅಷ್ಟು ಹೊತ್ತಿಗಾಗಲೇ ಸೊರಬ ಬಿಟ್ಟು ನಮ್ಮ ಕಡೆ ಹೊರಟಾಗಿತ್ತು. ಅವನು ಶಿಕಾರಿಪುರ ತಲುಪಿ, ಸುದ್ದಿ ಕೇಳಿ, ತಿರುಗಿ ಹೋಗುವ ಹೊತ್ತಿಗೆ ಮಧ್ಯಾಹ್ನ ಕಳೆಯುತ್ತಿತ್ತು. ದಾರಿಯಲ್ಲಿ ಫೋನ್ ಇರುವ ಏಜೆಂಟರೂ ಇರಲಿಲ್ಲ. ಆದರೆ ಸೊರಬಕ್ಕೆ ಹೊರಡುವ ರುದ್ರಣ್ಣನ ಬಸ್ಸು ನಮ್ಮ ಕಿಟಕಿಯ ಎದುರೇ ನಿಂತಿತ್ತು. ಎರಡೂ ಶಿರಾಳಕೊಪ್ಪದ ಹತ್ತಿರ ಎಲ್ಲೋ ಸಂಧಿಸುತ್ತಿದ್ದವು.

ಮ್ಯಾನೇಜರ್ ರೂಮಿಗೆ ಹೋಗಿ ಹೇಳಿದೆ.

“ಟ್ರಾಫಿಕ್ ಸೂಪರ್‌ವೈಸರ್‌ಗೆ ಹೇಳಿ ಮೇಡಂ.”

“ಅವರು ಶಿವಮೊಗ್ಗಕ್ಕೆ ಹೋಗಿದಾರೆ ಸರ್.”

“ಬಂದ ಮೇಲೆ ಹೇಳಿ.”

“ಸರ್, ಹೆಣ್ಣುಮಗಳು ಸಾಯೋ ಸ್ಥಿತೀಲಿದಾಳೆ.”

ಅವರು ಪೆನ್ನು ಕೆಳಗಿಟ್ಟರು. “ಇವತ್ತು ಒಬ್ಬರಿಗೆ ಎಕ್ಸೆಪ್ಷನ್ ಕೊಟ್ಟರೆ ನಾಳೆ ಎಲ್ಲರ ಮನೇಲೂ ಒಂದೊಂದು ಎಮರ್ಜೆನ್ಸಿ ಇರುತ್ತೆ ಮೇಡಂ. ದೇರ್ ಈಸ್ ಎ ಚಾನೆಲ್.”

ನಾನು ಯೆಸ್ ಸರ್ ಅಂದೆ. ಅಭ್ಯಾಸಬಲ. ಕಾನ್ವೆಂಟಿನಲ್ಲಿ ಕಲಿಸಿದ ಮೊದಲ ಎರಡು ಶಬ್ದ ಅವೇ ಇರಬೇಕು. ಯೆಸ್ ಸರ್ ಅಂದವಳು ನೇರ ಹೊರಗೆ ನಡೆದು, ಚಪ್ಪಲಿ ಕೂಡ ಮೆಟ್ಟದೆ ರಸ್ತೆ ದಾಟಿ, ರುದ್ರಣ್ಣನ ಬಾಗಿಲಿನ ಹತ್ತಿರ ನಿಂತೆ.

“ರುದ್ರಣ್ಣ, ಹಾಲೇಶಪ್ಪ ಎಲ್ಲಿ ಸಿಗ್ತಾನೋ ಅಲ್ಲೇ ನಿಲ್ಲಿಸು. ಅವನ ಹೆಂಡತಿಗೆ ಸೀರಿಯಸ್ಸು. ನಿನ್ನ ಬಸ್ಸು ಅವನು ಸೊರಬಕ್ಕೆ ತಗೊಂಡು ಹೋಗ್ಲಿ, ಅವನದನ್ನ ನೀನು ಇಲ್ಲಿಗೆ ತಾ.”

“ಸಾಹೇಬ್ರು ಹೂಂ ಅಂದಾರೇನ್ರಿ?”

“ಇಲ್ಲ. ಕೇಳಿದ್ರೆ ನಾನು ಹೇಳಿದೆ ಅನ್ನು.”

ಅವನು ಒಂದು ಗಳಿಗೆ ನನ್ನ ಬರಿಗಾಲು ನೋಡಿದ. “ನಿಮ್ದು ಟೈಪ್ ಮಿಷನ್ ಹೋಗ್ತೈತೆ ಅಕ್ಕೋರೆ, ನಂದು ಸ್ಟೇರಿಂಗ್. ಹೋಗ್ಲಿ ಬಿಡ್ರಿ,” ಅಂದು ಗೇರು ಹಾಕಿದ.

ಮುಂದಿನದನ್ನು ನಾನು ಕಂಡಕ್ಟರ ಬಾಯಲ್ಲಿ ಕೇಳಿದ್ದು. ಶಿರಾಳಕೊಪ್ಪ ದಾಟಿದ ಮೇಲೆ ಎರಡೂ ಬಸ್ಸು ಸಿಕ್ಕವು. ರುದ್ರಣ್ಣ ಅಡ್ಡ ಕೈ ಹಿಡಿದು ನಿಲ್ಲಿಸಿದ. ಡ್ರೈವರುಗಳು ಮಾತ್ರ ಇಳಿದು ಬದಲಾದರು, ಕಂಡಕ್ಟರು, ಪ್ಯಾಸೆಂಜರು ಕೂತಲ್ಲೇ. ಹಾಲೇಶಪ್ಪ ಸೊರಬದ ಬಸ್ಸಿನ ಸ್ಟೇರಿಂಗ್ ಹಿಡಿದನಂತೆ. ಹಿಂದಿನ ಸೀಟಿನಲ್ಲಿದ್ದ ಒಬ್ಬ ಅಜ್ಜಿ, “ನಮ್ಮೂರಾಗೆ ನಿಲ್ಲಿಸಬ್ಯಾಡಪ್ಪ. ನಾವು ಮುಂದೆ ಇಳಿದು ನಡ್ಕಂಡ್ ಬರ್ತೀವಿ, ನಮಗೇನ್ ಕಾಲಿಲ್ವಾ” ಎಂದಳಂತೆ. ದಾರಿಯಲ್ಲಿ ಇಳಿಯಬೇಕಾದವರು ಒಬ್ಬರೂ ಬೆಲ್ ಹೊಡೆಸಲಿಲ್ಲ.

ಮಗನ ಮುಖ ಕಂಡ ಮೇಲೆ ಆ ತಾಯಿ ಬಾಗಿಲು ಬಿಟ್ಟು ಎದ್ದರು. ಜೀಪಿನಲ್ಲಿ ಶಿವಮೊಗ್ಗಕ್ಕೆ ಒಯ್ದರು. ಹಾಲೇಶಪ್ಪನ ಹೆಂಡತಿ ಗೌರಮ್ಮ ಉಳಿದಳು. ಮಗು ಉಳಿಯಲಿಲ್ಲ.

ಆ ವಾರವೇ ಇಬ್ಬರು ಡ್ರೈವರುಗಳಿಗೂ ಸಸ್ಪೆನ್ಷನ್ ಆಯಿತು. ಆಮೇಲೆ ಮ್ಯಾನೇಜರ್ ನನ್ನನ್ನು ಕರೆದು “ಟೇಕ್ ಡೌನ್” ಅಂದರು. ಡಿಕ್ಟೇಷನ್ ಶುರುವಾಯಿತು. ಮೊದಲ ಸಾಲಿನಲ್ಲೇ ನನ್ನ ಹೆಸರು. ಶಿಸ್ತು ಮುರಿದದ್ದಕ್ಕೆ ನಿಮ್ಮನ್ನೇಕೆ ಕೆಲಸದಿಂದ ತೆಗೆಯಬಾರದು ಎಂಬ ಮೆಮೊ. ಆಫೀಸಿನಲ್ಲಿ ಬೇರೆ ಟೈಪಿಸ್ಟ್ ಇಲ್ಲವಲ್ಲ, ಪಾಪ ಅವರು ತಾನೆ ಏನು ಮಾಡಿಯಾರು. “ಗೋ ಆನ್ ಸರ್” ಅಂದೆ. ಕಾರ್ಬನ್ ಇಟ್ಟು, ಮಾರ್ಜಿನ್ ಬಿಟ್ಟು, ನೀಟಾಗಿ ಟೈಪ್ ಮಾಡಿ ಮೇಜಿನ ಮೇಲಿಟ್ಟೆ.

ಅದನ್ನು ನನಗೆ ಯಾರು ಕೊಡಬೇಕು ಎಂಬುದು ಇನ್ನೊಂದು ತೊಡಕಾಯಿತು. ಮ್ಯಾನೇಜರ್ ಅಕೌಂಟೆಂಟನ್ನು ಕರೆದರು. ಆತ ಗೋಡೆಯ ಚಾರ್ಟ್ ನೋಡಿ, “ಮೇಡಂ ನಮ್ಮ ಕೆಳಗೆ ಬರಲ್ಲ ಸರ್” ಅಂದ. ಮೂವರೂ ಹೋಗಿ ಹುಡುಕಿದೆವು. ಕ್ಲೀನರಿಗೂ ಚೌಕ ಇತ್ತು. ಟೈಪಿಸ್ಟಿಗೆ ಇರಲಿಲ್ಲ. ಗೆರೆ ಎಳೆದ ನನಗೂ ಅದು ಹೊಳೆದಿರಲಿಲ್ಲ.

“ಹಾಗಾದ್ರೆ ನನಗೆ ಯಾವ ಚಾನೆಲ್ ಸರ್?” ಅಂತ ಕೇಳಿದೆ.

ಅವರ ಮುಖ ಕೆಂಪಾಯಿತು. ಮೆಮೊವನ್ನು ತಾವೇ ನನ್ನ ಕೈಗೆ ಕೊಟ್ಟರು. “ಎರಡು ಲೈನ್ ಅಪಾಲಜಿ ಬರೆದುಕೊಡಿ, ಕ್ಲೋಸ್ ಮಾಡೋಣ. ಇಷ್ಟೆಲ್ಲ ಮಾಡಿ ಆದದ್ದಾದರೂ ಏನು? ಮಗು ಉಳೀತಾ?”

ಅಲ್ಲಿಯವರೆಗೆ ನಾನು ಅಪಾಲಜಿ ಬರೆದುಕೊಡಬೇಕೆಂದೇ ಇದ್ದೆ. ಮನೆ ಬಾಡಿಗೆ, ಮಕ್ಕಳು, ಎಲ್ಲ ತಲೆಯಲ್ಲಿತ್ತು. ಆ ಮಾತು ಕೇಳಿದ ಮೇಲೆ ಆಗಲಿಲ್ಲ.

“ತಾಯಿ ಇದಾಳೆ ಸರ್,” ಅಂದು ಬಂದು ಮಿಷನ್ ಮುಂದೆ ಕೂತೆ. ಉತ್ತರ ಚಿಕ್ಕದು. ಸುದ್ದಿ ಹೇಳಿದವಳು ನಾನು, ಮತ್ತೆ ಅಂಥ ಫೋನ್ ಬಂದರೆ ಮತ್ತೆ ಹೇಳುತ್ತೇನೆ, ಡ್ರೈವರುಗಳು ನನ್ನ ಮಾತಿನ ಮೇಲೆ ನಡೆದರು, ಅವರನ್ನು ಬಿಡಿ. ಕೆಳಗೆ ಯುವರ್ಸ್ ಒಬೀಡಿಯಂಟ್ಲಿ ಅಂತ ಹಾಕುವುದು ರೂಢಿ. ಹಾಕಲಿಲ್ಲ.

ಮಾಲೀಕರು ಕರೆಸಿದರು. ಹಳೆಯ ವ್ಯಾಪಾರದ ಮನೆತನ, ಮೆತ್ತಗಿನ ಮಾತು. “ತಂಗಿ, ಓದಿದಾಕಿ ನೀನು. ಒಂದ್ ಸಲ ಸಾರಿ ಅಂದ್ಬಿಡು. ಆ ಹುಡುಗನ ಮರ್ಯಾದಿನೂ ಉಳೀತೈತೆ, ನಿನ್ನ ಕೆಲಸಾನೂ ಉಳೀತೈತೆ.”

“ಡ್ರೈವರುಗಳನ್ನ ಡ್ಯೂಟಿಗೆ ತಗೊಳ್ಳಿ ಅಣ್ಣಾರೆ. ಸಾರಿ ಅಂತ ಮಾತ್ರ ಅನ್ನಲ್ಲ.”

“ಹಂಗಂದ್ರೆ ನಿನ್ನ ಹೆಂಗೆ ಇಟ್ಕಳ್ಳಲಿ? ಆಫೀಸ್ ನಡೀಬೇಕಲ್ಲ.”

“ನನ್ನ ಇಟ್ಕೋಬೇಡಿ. ಅವರನ್ನ ಇಟ್ಕೊಳ್ಳಿ.”

ಅವರು “ಹಟಮಾರಿ ಹೆಣ್ಣು” ಅಂದರು. ಬೈದದ್ದೋ ಹೊಗಳಿದ್ದೋ ಇವತ್ತಿಗೂ ಗೊತ್ತಿಲ್ಲ. ಮರುದಿನ ಹಾಲೇಶಪ್ಪ, ರುದ್ರಣ್ಣ ಬಸ್ಸು ಹತ್ತಿದರು. ಆ ತಿಂಗಳ ಕೊನೆಗೆ ನಾನು ಕೆಲಸ ಬಿಟ್ಟು ಮನೆಗೆ ಬಂದೆ.

ಮನೆಯ ಜಗುಲಿಯಲ್ಲೇ ಇಂಗ್ಲಿಷ್ ಟ್ಯೂಷನ್ ಶುರು ಮಾಡಿದೆ. ಮೊದಲ ವರ್ಷ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಒಂದು ದಿನ ಹಾಲೇಶಪ್ಪನ ತಾಯಿ ಹುಡುಕಿಕೊಂಡು ಬಂದರು. “ನಾನು ಅಡ್ಡ ಕೂತಿದ್ದಕ್ಕೆ ನಿಮ್ಮ ನೌಕರಿ ಹೋತಂತಲ್ಲವ್ವ” ಅಂದು ಸೆರಗಿನಿಂದ ಕಣ್ಣೊರೆಸಿಕೊಂಡರು. “ನೀವು ಕೊನೆಗಾದ್ರೂ ಎದ್ರಲ್ಲವ್ವ. ಕುರ್ಚಿ ಬಿಟ್ಟು ಏಳದೇ ಇದ್ದವರು ಬೇರೆ” ಅಂದೆ. ಅವರಿಗೆ ಎಷ್ಟು ಅರ್ಥವಾಯಿತೋ. ಕಾಫಿ ಕುಡಿದು ಹೋದರು.

ಜೀವನದಲ್ಲಿ ನಾನು ತಪ್ಪಿಲ್ಲದೆಯೂ ಎಷ್ಟೋ ಸಲ ಸಾರಿ ಅಂದಿದ್ದೇನೆ. ಅತ್ತೆಗೆ, ಮನೆ ಓನರಿಗೆ, ಅಳಿಯಂದಿರಿಗೆ. ವಯಸ್ಸಾಯಿತು, ಎಲ್ಲರನ್ನೂ ಕ್ಷಮಿಸಿ, ಎಲ್ಲರ ಹತ್ತಿರವೂ ಕ್ಷಮೆ ಕೇಳಿ ಹಗುರಾಗಬೇಕು ಎಂದು ಈಗ ಮಕ್ಕಳು ಹೇಳುತ್ತಾರೆ. ಆ ಮ್ಯಾನೇಜರನ್ನು ನಾನು ಎಂದೋ ಕ್ಷಮಿಸಿದ್ದೇನೆ. ಕ್ಷಮೆ ಮಾತ್ರ ಕೇಳುವುದಿಲ್ಲ.