ದೊಡ್ಡಪ್ಪನ ಚರಗದ ಕೂಗು

ದಸರಾ ರಜೆಗೆ ಎಲ್ಲಿಗಾದರೂ ಟೂರ್ ಹೋಗೋಣ ಎಂದು ನಮ್ಮ ಮನೆಯವರು ಪ್ರತಿವರ್ಷ ಕೇಳುತ್ತಾರೆ. ಸೀಗಿ ಹುಣ್ಣಿಮೆ ಮುಗಿಯಲಿ, ಆಮೇಲೆ ಎಲ್ಲಿಗೆ ಬೇಕಾದರೂ ನಡೀರಿ ಎನ್ನುತ್ತೇನೆ. ದಾವಣಗೆರೆಯ ವಿದ್ಯಾನಗರದಲ್ಲಿ ಸಂಸಾರ ಹೂಡಿ ಇಪ್ಪತ್ತು ವರ್ಷ ಮೀರಿತು. ಆದರೂ ಆ ಒಂದು ದಿನ ನಾನು ತವರಿನಲ್ಲಿ, ಕೊಕ್ಕನೂರಿನಲ್ಲಿ ಇರಲೇಬೇಕು. ಮಳೆ ಹಿಂದೆ ಸರಿದಿರುತ್ತದೆ, ಚಳಿ ಇನ್ನೂ ಬಂದಿರುವುದಿಲ್ಲ. ಗದ್ದೆಯಲ್ಲಿ ಭತ್ತ ಹೊಡೆಯಾಗಿ ನಿಂತಿರುತ್ತದೆ, ಅಂದರೆ ತೆನೆ ಇನ್ನೂ ಹೊಟ್ಟೆಯೊಳಗೇ. ಬಸುರಿ ಭೂಮಿತಾಯಿಗೆ ಬಯಕೆಯ ಊಟ ಉಣಿಸುವ ಹಬ್ಬ ಅದು. ಮಾಡಿದ ಅಡುಗೆಯಲ್ಲಿ ಎಲ್ಲವನ್ನೂ ಒಂದಿಷ್ಟು ಕಲಸಿ ಗದ್ದೆಯ ತುಂಬ ಚೆಲ್ಲುತ್ತೇವೆ. ಅದಕ್ಕೆ ಚರಗ ಎನ್ನುತ್ತಾರೆ.

ಚರಗಕ್ಕೆ ಇಬ್ಬರು ಬೇಕು. ಮುಂದಿನವರು ಅನ್ನ ಚೆಲ್ಲುತ್ತ ‘ಹುಲ್ಲುಲ್ಲಿಗೋ’ ಎಂದು ಕೂಗಬೇಕು. ಹಿಂದಿನವರು ತಂಬಿಗೆಯಿಂದ ನೀರು ಚಿಮುಕಿಸುತ್ತ ‘ಸಲಾಂಬ್ರಿಗೋ’ ಎಂದು ಓಗೊಡಬೇಕು. ಹಾಗೆಂದರೇನು ಅಂತ ಮಾತ್ರ ಕೇಳಬೇಡಿ, ನನಗೂ ಗೊತ್ತಿಲ್ಲ, ಊರಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಕೂಗುವವನು ದೊಡ್ಡಪ್ಪ, ತೀರಿಹೋದ ನಮ್ಮಪ್ಪನ ಅಣ್ಣ. ಆರು ವರ್ಷದವಳಿದ್ದಾಗಿನಿಂದ ತಂಬಿಗೆ ಹಿಡಿದು ಅವನ ಹಿಂದೆ ಓಗೊಟ್ಟವಳು ನಾನು. ಅಬ್ಬಾ, ಅದೇನು ಗಂಟಲು! ಅವನು ಗುಟ್ಟು ಹೇಳಿದರೂ ಬಸ್ ಸ್ಟ್ಯಾಂಡಿಗೆ ಕೇಳುತ್ತದೆ ಎಂದು ಊರವರು ಆಡಿಕೊಳ್ಳುತ್ತಿದ್ದರು.

ಆ ಗಂಟಲಲ್ಲೇ ಗಂಟು ಬೆಳೆಯಿತು. ಹೋದ ಬೇಸಿಗೆಯಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಬರೀ ಉಸಿರಿನಲ್ಲಿ ಮಾತಾಡುತ್ತಾನೆ. ಕಿವಿಯನ್ನು ಅವನ ಬಾಯಿಯ ಹತ್ತಿರ ಒಯ್ದರೆ ಮಾತ್ರ ಕೇಳುತ್ತದೆ.

ಈ ಸಲ ಹುಣ್ಣಿಮೆಯ ಬೆಳಿಗ್ಗೆ ನಾನು ಊರು ಮುಟ್ಟಿದಾಗ ದೊಡ್ಡವ್ವ ಸಜ್ಜೆ ಕಡುಬು ಬೇಯಿಸಿಟ್ಟು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ನಿಮ್ಮ ದೊಡ್ಡಪ್ಪ ಗದ್ದಿಗೆ ಬರಾದಿಲ್ಲಂತೆ ನೋಡವ್ವ. ಕೂಗಿಲ್ಲದ ಚರಗ ಎಂಥದು, ಈ ವರ್ಷ ಬ್ಯಾಡ ಅಂತ ಕುಂತಾರೆ.”

“ತಮ್ಮ ಕೂಗ್ಲಿ ಬಿಡು” ಎಂದೆ. ತಮ್ಮ ಎಂದರೆ ದೊಡ್ಡಪ್ಪನ ಮಗ, ಈಗ ಬೇಸಾಯ ನೋಡಿಕೊಳ್ಳುವವನು. ಅಲ್ಲೇ ಬಾಗಿಲಲ್ಲಿ ನಿಂತಿದ್ದ.

“ನಮ್ಮನ್ಯಾಗೆ ಅಪ್ಪ ಹೋದ ಮ್ಯಾಲೆ ಮಗ ಕೂಗೋದು ಅಕ್ಕ. ಅಪ್ಪ ಕಣ್ಮುಂದೆ ಕುಂತಿರುವಾಗ ನಾ ಹೆಂಗೆ ಕೂಗ್ಲಿ?” ಎಂದವನು ತಲೆ ಕೆರೆದುಕೊಂಡು, “ಹೋದ್ವರ್ಷದ ವಿಡಿಯೋ ಮೊಬೈಲ್ನಾಗೆ ಐತೆ. ಸ್ಪೀಕರ್ ಹಚ್ಚಿಬಿಡಾಣೇನು?” ಎಂದ.

“ನಿನ್ನ ಸ್ಪೀಕರಿಗಿಷ್ಟು ಬೆಂಕಿ ಹಾಕ!” ಎಂದು ರೇಗಿದೆ. ಪಾಪ, ಅವನ ಸಂಕಟ ಅವನಿಗೆ. ಆದರೆ ನಡುಮನೆಯಲ್ಲಿದ್ದ ದೊಡ್ಡಪ್ಪನ ಕಿವಿಗೆ ಎಲ್ಲವೂ ಬಿದ್ದಿತ್ತು. ಎದ್ದು ಹೋಗಿ ದನದ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತ.

ನಾನೂ ಹೋಗಿ ಪಕ್ಕದಲ್ಲಿ ಕೂತೆ. ಅವನು ನನ್ನ ಕಿವಿಗೆ ಬಗ್ಗಿ, “ನಾ ಇನ್ನ ಲೆಕ್ಕಕ್ಕಿಲ್ಲವ್ವಾ” ಎಂದ. ಕಾಲುವೆಗೆ ನೀರು ಬಂದದ್ದನ್ನು ಏರಿಯ ಮೇಲೆ ನಿಂತು ಇಡೀ ಊರಿಗೆ ಕೂಗಿ ಹೇಳುತ್ತಿದ್ದ ಮನುಷ್ಯ ಇವನು. ನನಗೋ, ಅಳು ಬರುವ ಮೊದಲು ಸಿಟ್ಟು ಬರುತ್ತದೆ.

“ಏಳು ದೊಡ್ಡಪ್ಪ, ನಾನು ಕೂಗ್ತೀನಿ. ಮಗ ಕೂಗಿದ್ರೆ ತಾನೆ ನೀ ಹೋದಂಗೆ? ಹೆಣ್ಮಕ್ಳು ಕೂಗಿದ್ದನ್ನ ಯಾರು ಲೆಕ್ಕಕ್ಕೆ ಹಿಡಿತಾರೆ? ಸ್ಕೂಲ್ನಾಗೆ ದಿನಾ ಹುಡುಗ್ರ ಮುಂದೆ ಚೀರಿ ಚೀರಿ ನನ್ನ ಗಂಟ್ಲು ಹದ ಆಗೈತೆ. ಏಳ್ತೀಯೋ, ಇಲ್ಲೇ ಶುರು ಮಾಡ್ಲೋ?”

ಅವನು ಕಟ್ಟೆಯಿಂದ ಎದ್ದ. ಆಮೇಲೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

ಗದ್ದೆಯಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಬನ್ನಿ ಮರದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಚೆಂಡು ಹೂವೇರಿಸಿ ಪೂಜೆ ಮುಗಿಸಿದೆವು. ಸುತ್ತಲಿನ ಬದುಗಳ ಮೇಲೆಲ್ಲ ಜನ ಬುತ್ತಿ ಬಿಚ್ಚಿ ಕೂತಿದ್ದರು. ದೊಡ್ಡಪ್ಪನನ್ನು ಕಂಡು ಕೆಲವರು ಎದ್ದೂ ನಿಂತರು. ನಾನು ಚರಗದ ಬುಟ್ಟಿ ಕಂಕುಳಲ್ಲಿಟ್ಟುಕೊಂಡೆ. ತಮ್ಮ ತಂಬಿಗೆ ಹಿಡಿದು ಹಿಂದೆ ನಿಂತ. ಎದೆ ತುಂಬ ಉಸಿರು ಎಳೆದುಕೊಂಡು, ಒಂದು ಹಿಡಿ ಅನ್ನ ಎತ್ತಿ, ಬಾಯಿ ಬಿಟ್ಟೆ.

“ಸಲಾಂಬ್ರಿಗೋ!”

ಅಯ್ಯೋ ನನ್ನ ಕರ್ಮವೇ! ನಲವತ್ತು ವರ್ಷ ಹೇಳಿದ್ದು ಅದನ್ನೇ ತಾನೆ, ಅದೇ ಬಂತು. ಪಕ್ಕದ ಗದ್ದೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅಕ್ಕಾ, ಯಾರಿಗೆ ಓಗೊಟ್ಟಿ? ಇನ್ನೂ ಯಾರೂ ಕೂಗೇ ಇಲ್ಲ!” ಎಂದ ತಮ್ಮ.

ನಾಚಿಕೆಯಿಂದ ತಿರುಗಿ ನೋಡಿದರೆ ದೊಡ್ಡಪ್ಪನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆಂದು ಗಾಬರಿಯಾದೆ. ಅಲ್ಲ, ನಗುತ್ತಿದ್ದ, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು. ಹತ್ತಿರ ಬಂದು ಮಗನ ಕಿವಿ ಹಿಡಿದೆಳೆದು ಏನೋ ಉಸುರಿದ. ತಮ್ಮನ ಮುಖದ ನಗು ಹಾಗೇ ನಿಂತಿತು.

“ಏನಂದ?” ಎಂದೆ.

“ನಾ ಕೂಗಿದ್ದೆ, ಆಕೆಗೆ ಕೇಳ್ತು ಅಂತಾನೆ” ಎಂದ ತಮ್ಮ.

ದೊಡ್ಡಪ್ಪ ನನ್ನ ಕಂಕುಳಿನಿಂದ ಬುಟ್ಟಿ ಕಿತ್ತುಕೊಂಡ. ತಮ್ಮ ತಾನಾಗಿಯೇ ತಂಬಿಗೆಯನ್ನು ನನ್ನ ಕೈಗಿಟ್ಟ. ಬದುವಿನ ಮೇಲೆ ದೊಡ್ಡಪ್ಪ ಮುಂದೆ, ನಾನು ಹಿಂದೆ. ಅವನು ಕೂಗುವುದು ನನಗೆ ಕೇಳುತ್ತಿರಲಿಲ್ಲ, ಬಾಯಿಯೂ ಕಾಣುತ್ತಿರಲಿಲ್ಲ. ಬೆನ್ನು ಉಬ್ಬುವುದು, ಅನ್ನದ ಕೈ ಮೇಲೇಳುವುದು ಕಾಣುತ್ತಿತ್ತು. ಅಷ್ಟಾದಾಗಲೆಲ್ಲ ಗಂಟಲು ಹರಿಯುವಂತೆ ಓಗೊಟ್ಟೆ. ಮೂರನೆಯ ಬದುವಿಗೆ ಬರುವಷ್ಟರಲ್ಲಿ ಅಕ್ಕಪಕ್ಕದವರೂ ನನ್ನ ಜೊತೆ ದನಿ ಸೇರಿಸಿದ್ದರು. ನಾನು ಅಳುತ್ತಲೇ ಇನ್ನಷ್ಟು ಜೋರಾಗಿ ಕೂಗಿದೆ.

ದೊಡ್ಡಪ್ಪ ಗಕ್ಕನೆ ನಿಂತು ಹಿಂದೆ ತಿರುಗಿದ. ಕೈ ಸನ್ನೆ ಮಾಡಿ ಹತ್ತಿರ ಕರೆದ. ಕಿವಿ ಒಯ್ದೆ.

“ಮೆಲ್ಲಗೆ ಕೂಗೇ” ಎಂದು ಬೈದ. “ನಂದು ಗಂಟ್ಲು ಹೋಗೈತೆ, ಕಿವಿ ಹೋಗಿಲ್ಲ.”