ಶಿವರಾಜನ ಹೆಸರಿನಲ್ಲಿ ಸುನಂದಾ

ಪರೀಕ್ಷಾ ಕೊಠಡಿಯ ಫೋನ್ ರಿಂಗಾಯಿತು. ಆ ಕಡೆಯವರು ಕೇಳಿದ್ದು ಶಿವರಾಜ್ ಇದ್ದಾರಾ ಎಂದು. ನನ್ನೆದುರು ಕೂತಿದ್ದ ಸುನಂದಾ, ‘ಹೌದ್ರಿ, ಹೇಳ್ರಿ’ ಎಂದರು. ನಾನು ತಲೆಯೆತ್ತಿ ನೋಡಿದೆ. ಅವರಿಗೆ ಇದು ವಿಚಿತ್ರ ಅನ್ನಿಸಿದಂತೆ ಕಾಣಲಿಲ್ಲ.

ನಾನಿರುವುದು ಬೀಜದ ಕಂಪನಿಯೊಂದರ ಹುಮನಾಬಾದ್ ಕಚೇರಿಯಲ್ಲಿ, ಕಂಪ್ಯೂಟರ್ ವಿಭಾಗದಲ್ಲಿ. (ಕಂಪನಿಯ ಹೆಸರು ಬೇಡ.) ಬಸವಕಲ್ಯಾಣದಲ್ಲಿ ನಮ್ಮ ಪರೀಕ್ಷಾ ಕೊಠಡಿ ಇದೆ, ಸುನಂದಾ ಅಲ್ಲಿಯ ಪರೀಕ್ಷಕಿ. ಸೋಯಾ, ತೊಗರಿ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ಎಣಿಸಿ ಸಾಫ್ಟ್‌ವೇರ್‌ಗೆ ಹಾಕುತ್ತಾರೆ. ಕಳೆದ ವಾರ ಅಲ್ಲಿಗೆ ಹೋದದ್ದು ಸಿಂಗಲ್ ಸೈನ್-ಆನ್ ಮಾಡಿಕೊಡಲು. ಅಂದರೆ ಇಷ್ಟೇ: ಒಬ್ಬೊಬ್ಬರಿಗೂ ಅವರದೇ ಆಫೀಸ್ ಇಮೇಲ್, ಅದೊಂದರಿಂದಲೇ ಎಲ್ಲ ಸಾಫ್ಟ್‌ವೇರೂ ತೆರೆಯಬೇಕು. ಕ್ಯಾಲೆಂಡರಿನ ಹಿಂದೆ ಪಾಸ್‌ವರ್ಡ್ ಬರೆದಿಡುವ ಪದ್ಧತಿ ಬಂದ್. (ಬರೆದಿದ್ದರು. ಗೋಡೆಯ ಮೇಲೆ, ಸ್ಕೆಚ್ ಪೆನ್ನಿನಲ್ಲಿ.)

ಶಿವರಾಜ್ ಯಾರು? ಮೊದಲಿದ್ದ ಪರೀಕ್ಷಕ. ನಾಲ್ಕು ವರ್ಷದ ಹಿಂದೆ ಕೆಲಸ ಬಿಟ್ಟು ಹಳ್ಳಿಖೇಡದ ಕಡೆ ಹೋದರು. ಅದೇ ವಾರ ಸೇರಿದ ಸುನಂದಾಗೆ ಮ್ಯಾನೇಜರು, ಸದ್ಯಕ್ಕೆ ಇವರ ಲಾಗಿನ್ನಲ್ಲೇ ಮಾಡು ಎಂದಿದ್ದರಂತೆ. ನಮ್ಮಲ್ಲಿ ಪಾಸ್‌ವರ್ಡ್ ಕೊಡುವುದು ಪೆನ್ನು ಕೊಟ್ಟಷ್ಟೇ ಸಲೀಸು. ವರದಿಗಳ ಕೆಳಗೆ ಶಿವರಾಜ್ ಎಂದೇ ಅಚ್ಚಾಗುತ್ತ ಬಂತು. ಫೋನ್ ಮಾಡುವವರೂ ಅವರನ್ನೇ ಕೇಳುತ್ತ ಬಂದರು.

ಸುನಂದಾ ಹೆಸರಿನಲ್ಲಿ ಹೊಸ ಖಾತೆ ತೆರೆದೆ. ಲಾಗಿನ್ ಆಯಿತು. ಸ್ಕ್ರೀನಿನಲ್ಲಿ ಬಂತು: ಸೇರಿದ ದಿನ, ಇಂದು. ಮಾಡಿದ ಪರೀಕ್ಷೆಗಳು, ಸೊನ್ನೆ.

ಅವರು ಆ ಸೊನ್ನೆಯ ಮೇಲೆ ಬೆರಳಿಟ್ಟರು.

‘ಹಂಗಂದ್ರ ನಾ ಇವತ್ತ ಬಂದೀನೇನ್ರಿ ಮೇಡಂ, ಕೆಲಸಕ್ಕ?’

ಸುಮ್ಮನೆ ಕೇಳಿದ ಮಾತಲ್ಲ. ಹುಮನಾಬಾದಿನಲ್ಲಿ ದೊಡ್ಡ ಲ್ಯಾಬ್ ಶುರುವಾಗುವುದಿದೆ. ಅದರ ಮುಖ್ಯಸ್ಥರನ್ನು ಒಳಗಿನವರಲ್ಲೇ ಆರಿಸುತ್ತಾರೆ. ಸುನಂದಾ ಅರ್ಜಿ ಹಾಕಿದ್ದರು. ಅನುಭವಕ್ಕೆ ಸಾಕ್ಷಿ ಈ ಸಾಫ್ಟ್‌ವೇರಿನ ದಾಖಲೆಯೇ. ಯಾರು ಎಷ್ಟು ಪರೀಕ್ಷೆ ಮಾಡಿದ್ದಾರೆಂಬ ಪಟ್ಟಿ ಮರುದಿನ ಹೋಗಬೇಕಿತ್ತು.

ಒಂದು ದಾರಿ ಇತ್ತು. ಹೊಸ ಖಾತೆ ಅಳಿಸಿ, ಶಿವರಾಜ್ ಅವರ ಹಳೆಯ ಖಾತೆಯನ್ನೇ ಸುನಂದಾ ಇಮೇಲ್‌ಗೆ ಜೋಡಿಸುವುದು. ಆಗ ಅದರಲ್ಲಿರುವುದೆಲ್ಲ ಅವರ ಹೆಸರಿಗೆ ಬರುತ್ತದೆ. ಶಿವರಾಜ್ ನಿಜವಾಗಿಯೂ ಮಾಡಿದ್ದು ಕೂಡ. ಮ್ಯಾನೇಜರು, ಜೋಡಿಸಿಬಿಡ್ರಿ, ಯಾರು ನೋಡ್ತಾರ ಎಂದರು. ನಾನು ಮೌಸ್ ಮೇಲೆ ಕೈಯಿಟ್ಟು ಕೂತೆ.

ಸುನಂದಾ ಡ್ರಾಯರಿನಿಂದ ನೋಟ್‌ಬುಕ್ ತೆಗೆದರು. ಪ್ರತಿ ಬಟ್ಟೆಯ ಎಣಿಕೆಯೂ ತಾರೀಖಿನ ಸಮೇತ ಅದರಲ್ಲಿತ್ತು. ಮೊದಲ ಸಾಲು, ನಾರಾಯಣಪುರದ ಸೋಯಾ.

‘ಇಲ್ಲಿಂದ ನಂದ್ರಿ. ಅವರು ಎಣಿಸಿದ್ದು ನನಗ ಬ್ಯಾಡ.’

ಜೋಡಿಸಿದೆ. ಆ ತಾರೀಖಿಗಿಂತ ಹಿಂದಿನವು ಶಿವರಾಜ್ ಅವರವು ಎಂದು ಪಟ್ಟಿಯ ತಲೆಯಲ್ಲೇ ಬರೆದೆ. ಮ್ಯಾನೇಜರು ಎರಡು ಸಲ ಓದಿ ಸಹಿ ಹಾಕಿದರು. ಪಟ್ಟಿ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ.

ಈ ಸೋಮವಾರ ಸುನಂದಾ ಫೋನ್ ಮಾಡಿದ್ದರು. ಕೊಠಡಿಗೆ ಹೊಸಬಳೊಬ್ಬಳು ಸೇರಿದ್ದಾಳೆ. ಸದ್ಯಕ್ಕೆ ನಿನ್ನ ಲಾಗಿನ್ನೇ ಕೊಡು ಎಂದರಂತೆ ಮ್ಯಾನೇಜರು. ನೀವೇನಂದಿರಿ ಎಂದು ಕೇಳಿದೆ.

‘ಆಕಿಗೂ ಒಂದು ಹೆಸರೈತಲ್ರಿ ಸಾಹೇಬ್ರ, ಅಂದೆ.’

ಆ ಹುಡುಗಿಯ ಖಾತೆ ತೆರೆಯಲು ನನಗೆ ಹಿಡಿದದ್ದು ಹತ್ತು ನಿಮಿಷ. ನಿಮ್ಮ ಆಫೀಸಿನಲ್ಲಿ ‘ಸದ್ಯಕ್ಕೆ’ ಅಂದರೆ ಎಷ್ಟು ವರ್ಷ?